ಮುರಿದ ಮೂಳೆಯ ಮೇಲೆ ಗಾಯ ಬಾಯ್ತೆರೆದಾಗ: ಮೊದಲು ಮಾಂಸ ನೋಡಿ, ಆಮೇಲೆ ರಾಡ್

ಆರ್ಥೋ ವಾರ್ಡಿಗೆ ರೋಗಿಯನ್ನು ಕರೆತಂದವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ರಾಡ್ ಯಾವಾಗ ಹಾಕ್ತೀರಾ ಸಿಸ್ಟರ್?" ಎಕ್ಸ್‌ರೇಯಲ್ಲಿ ಮುರಿದ ಮೂಳೆ ಎದ್ದು ಕಾಣುತ್ತದೆ. ಹಾಗಾಗಿ ಎಲ್ಲರ ಕಣ್ಣೂ ಅದರ ಮೇಲೆಯೇ. ಆದರೆ ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬಂದಿದ್ದರೆ, ಅಥವಾ ಮುರಿದ ಜಾಗದ ಮೇಲೆಯೇ ಗಾಯ ಆಗಿದ್ದರೆ ಲೆಕ್ಕ ಬೇರೆ. ಇದಕ್ಕೆ ಓಪನ್ ಫ್ರಾಕ್ಚರ್ ಅನ್ನುತ್ತಾರೆ. ಇಲ್ಲಿ ಕಾಲು ಉಳಿಯುತ್ತಾ, ಕೀವಾಗುತ್ತಾ, ಮೂಳೆ ಕೂಡುತ್ತಾ ಅನ್ನುವುದೆಲ್ಲ ಬಹುಪಾಲು ಸುತ್ತಲಿನ ಚರ್ಮ, ಮಾಂಸ, ರಕ್ತನಾಳಗಳ ಮೇಲೆ ನಿಂತಿರುತ್ತದೆ. ಮುರಿದ ಮೂಳೆಗೆ ರಕ್ತ ಬೇಕು. ಅದರಲ್ಲಿ ದೊಡ್ಡ ಪಾಲು ಬರುವುದು ಆ ಸುತ್ತಲಿನ ಮಾಂಸದಿಂದಲೇ.

ನಿಮ್ಮ ಕಾಲನ್ನೇ ಮುಟ್ಟಿ ನೋಡಿ. ಮೊಣಕಾಲಿನ ಕೆಳಗೆ, ಮುಂಭಾಗದಲ್ಲಿ ಚರ್ಮ ಬಿಟ್ಟರೆ ನೇರ ಮೂಳೆ. ಹಿಂದೆ ಮೀನಖಂಡ ಎಷ್ಟು ದಪ್ಪ ಇದೆ, ಮುಂದೆ ಅದರ ಕಾಲು ಭಾಗವೂ ಇಲ್ಲ. ಉದ್ದ ಮೂಳೆಗಳ ಪೈಕಿ ಜಾಸ್ತಿ ಓಪನ್ ಆಗಿ ಮುರಿಯುವುದು ಈ ಟಿಬಿಯಾ ಮೂಳೆಯೇ, ಅದರಲ್ಲೂ ಬೈಕ್ ಅಪಘಾತಗಳಲ್ಲಿ. ಅದಕ್ಕೇ ಕಾಲನ್ನೇ ಉದಾಹರಣೆ ಇಟ್ಟುಕೊಂಡು, ರಸ್ತೆಯಿಂದ ಮನೆಯವರೆಗೆ ಏನೇನು ಆಗಬೇಕು ಅಂತ ರೋಗಿಯ ಜೊತೆ ಇರುವವರಿಗೆ ಬರೆಯುತ್ತಿದ್ದೇನೆ.

ಹಂತ 1: ರಸ್ತೆಯಲ್ಲಿ

108ಕ್ಕೆ ಫೋನ್ ಮಾಡಿ. ಅವರು ಬರುವಷ್ಟರಲ್ಲಿ ಮಾಡಬೇಕಾದ ಕೆಲಸ ಸ್ವಲ್ಪವೇ. ಮಾಡಬಾರದ ಕೆಲಸಗಳೇ ಜಾಸ್ತಿ.

ಮೊದಲು ಮನುಷ್ಯನನ್ನು ನೋಡಿ, ಕಾಲನ್ನಲ್ಲ. ಉಸಿರಾಡುತ್ತಿದ್ದಾನಾ, ಮಾತಾಡುತ್ತಿದ್ದಾನಾ, ತಲೆಗೆ ಹೊಟ್ಟೆಗೆ ಪೆಟ್ಟಾಗಿದೆಯಾ? ಕಾಲಿನ ಗಾಯ ನೋಡುವುದಕ್ಕೆ ಭಯಂಕರವಾಗಿರುತ್ತದೆ. ಆದರೆ ಜೀವ ತೆಗೆಯುವ ಪೆಟ್ಟು ಎಷ್ಟೋ ಸಲ ಬೇರೆ ಕಡೆ ಇರುತ್ತದೆ.

ಆಮೇಲೆ ರಕ್ತ. ಒಗೆದ ಬಟ್ಟೆ ಇದ್ದರೆ ಮಡಚಿ ಗಾಯದ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿಯಿರಿ. ಎರಡು ನಿಮಿಷಕ್ಕೊಮ್ಮೆ ತೆಗೆದು "ನಿಂತಿತಾ" ಅಂತ ನೋಡಬೇಡಿ. ಹೆಪ್ಪುಗಟ್ಟುತ್ತಿದ್ದ ರಕ್ತ ಮತ್ತೆ ಕಿತ್ತು ಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದು ಇಟ್ಟು ಇನ್ನೂ ಗಟ್ಟಿಯಾಗಿ ಒತ್ತಿ. ಇಷ್ಟಾದರೂ ರಕ್ತ ಚಿಮ್ಮುತ್ತಲೇ ಇದ್ದರೆ ಮಾತ್ರ ಗಾಯಕ್ಕಿಂತ ಮೇಲೆ ಅಗಲವಾದ ಬಟ್ಟೆ ಸುತ್ತಿ, ಒಂದು ಕೋಲು ಸಿಕ್ಕಿಸಿ ತಿರುಚಿ ಬಿಗಿ ಮಾಡಿ. ಕಟ್ಟಿದ ಸಮಯವನ್ನು ಪೆನ್ನಿನಲ್ಲಿ ಕೈ ಮೇಲೋ ಹಣೆ ಮೇಲೋ ಬರೆಯಿರಿ. ಹಗ್ಗ, ವೈರು ಬೇಡ. ಅವು ಚರ್ಮ, ನರ ಎರಡನ್ನೂ ಕೊಯ್ಯುತ್ತವೆ.

ಹೊರಗೆ ಬಂದ ಮೂಳೆಯನ್ನು ಒಳಗೆ ತಳ್ಳಬೇಡಿ. ರಸ್ತೆಯ ಮಣ್ಣು, ಪ್ಯಾಂಟಿನ ದಾರ ಎಲ್ಲ ಅದರ ಜೊತೆ ಒಳಗೆ ಹೋಗುತ್ತವೆ. ಕೆರೆ ನೀರು, ಟ್ಯಾಂಕರ್ ನೀರು ಹಾಕಿ ತೊಳೆಯಬೇಡಿ. ಅರಿಶಿನ, ಕಾಫಿ ಪುಡಿ, ಸುಣ್ಣ, ಟೂತ್‌ಪೇಸ್ಟ್, ಯಾವುದೂ ಬೇಡ. ಹಚ್ಚಿದ್ದನ್ನೆಲ್ಲ ಆಮೇಲೆ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಕೆರೆದು ತೆಗೆಯಬೇಕಾಗುತ್ತದೆ. ಆ ಕಾಫಿ ಪುಡಿಯ ಜೊತೆ ಬದುಕಿದ್ದ ಮಾಂಸವೂ ಒಂದಿಷ್ಟು ಹೋಗುತ್ತದೆ.

ಕಾಲು ಅಲ್ಲಾಡದ ಹಾಗೆ ಕಟ್ಟಿ. ಮರದ ಪಟ್ಟಿ, ದಪ್ಪ ರಟ್ಟು, ಏನೂ ಸಿಗದಿದ್ದರೆ ಇನ್ನೊಂದು ಕಾಲಿಗೇ ಸೇರಿಸಿ ಕಟ್ಟಬಹುದು. ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಹಿಡಿತದಲ್ಲಿರಬೇಕು. ಗೆಜ್ಜೆ, ಕಾಲುಂಗುರ, ಶೂ ಬಿಚ್ಚಿಬಿಡಿ. ಅರ್ಧ ಗಂಟೆಯಲ್ಲಿ ಊತ ಬಂದರೆ ಆಮೇಲೆ ಕತ್ತರಿಸಿಯೇ ತೆಗೆಯಬೇಕು. ಕುಡಿಯಲು, ತಿನ್ನಲು ಏನೂ ಕೊಡಬೇಡಿ. ಕರುಣೆಯಿಂದ ಕೊಟ್ಟ ಒಂದು ಲೋಟ ಕಾಫಿಯಿಂದ ಆಪರೇಷನ್ ಗಂಟೆಗಟ್ಟಲೆ ಮುಂದೆ ಹೋಗಬಹುದು.

ಪೊಲೀಸ್ ಕೇಸಿನ ಹೆದರಿಕೆಗೆ ಸುಮ್ನೆ ನಿಂತು ನೋಡುವವರು ಈಗಲೂ ಇದ್ದಾರೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ. ಗಾಯಾಳುವಿಗೆ ನೆರವಾದವರು ಹೆಸರು ವಿಳಾಸ ಕೊಡಲೇಬೇಕು ಅಂತೇನೂ ಇಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ ಸಹಾಯಕ್ಕೆ ಕೇಸು ಬೀಳುವುದೂ ಇಲ್ಲ.

ಹಂತ 2: ಕ್ಯಾಶುವಾಲ್ಟಿಯ ಮೊದಲ ಗಂಟೆ

ಇಲ್ಲಿ ಒಂದು ವಿಷಯಕ್ಕೆ ಪಟ್ಟು ಹಿಡಿಯಬೇಕು: ರಕ್ತನಾಳಕ್ಕೆ ಕೊಡುವ ಆಂಟಿಬಯೋಟಿಕ್. ಸಾಧ್ಯವಾದಷ್ಟು ಬೇಗ, ಪೆಟ್ಟಾದ ಒಂದು ಗಂಟೆಯೊಳಗೆ ಹೋದರೆ ಒಳ್ಳೆಯದು. ಎಕ್ಸ್‌ರೇ, ಸ್ಕ್ಯಾನ್, ರೆಫರಲ್ ಚೀಟಿ ಇವೆಲ್ಲ ಆಮೇಲೆ. ಸಾಮಾನ್ಯವಾಗಿ ಸೆಫಜೋಲಿನ್ ಗುಂಪಿನ ಔಷಧಿಯಿಂದ ಶುರು ಮಾಡುತ್ತಾರೆ. ಗಾಯ ದೊಡ್ಡದಿದ್ದರೆ ಇನ್ನೊಂದು ಸೇರಿಸುತ್ತಾರೆ. ಗದ್ದೆಯಲ್ಲಿ, ಕೊಟ್ಟಿಗೆಯಲ್ಲಿ ಆದ ಗಾಯ, ಸಗಣಿ ಮಣ್ಣು ಮೆತ್ತಿದೆ ಅನ್ನುವುದನ್ನು ಮರೆಯದೆ ಹೇಳಿ. ಗ್ಯಾಸ್ ಗ್ಯಾಂಗ್ರೀನ್ ತರುವ ರೋಗಾಣು ಅಂಥ ಮಣ್ಣಿನಲ್ಲಿರುತ್ತದೆ, ಅದಕ್ಕೆ ಔಷಧಿ ಬೇರೆ. ಔಷಧಿ ಅಲರ್ಜಿ ಇದ್ದರೆ ಅದನ್ನೂ ಈಗಲೇ ಹೇಳಬೇಕು.

ಎರಡನೆಯದು ಧನುರ್ವಾಯುವಿನ ಇಂಜೆಕ್ಷನ್. ಕೊಳಕು ಗಾಯಕ್ಕೆ, ಹಿಂದಿನ ಡೋಸ್ ಆಗಿ ಐದು ವರ್ಷ ದಾಟಿದ್ದರೆ ಮತ್ತೆ ಬೇಕು. ಚಿಕ್ಕವರಿದ್ದಾಗ ಸರಿಯಾಗಿ ಲಸಿಕೆ ಆಗಿಲ್ಲ, ಅಥವಾ ನೆನಪೇ ಇಲ್ಲ ಅಂದರೆ ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ ಕೂಡ ಕೊಡುತ್ತಾರೆ.

ಗಾಯದ ಫೋಟೋ ತೆಗೆಯುವುದು ಮೂರನೆಯದು. ಡ್ಯೂಟಿ ಡಾಕ್ಟರು ಒಂದು ಸಲ ಬಿಚ್ಚಿ ನೋಡುವಾಗಲೇ ಅವರ ಅನುಮತಿ ಕೇಳಿ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಆಮೇಲೆ ಸಲೈನ್‌ನಲ್ಲಿ ನೆನೆಸಿದ ಗಾಜ್ ಇಟ್ಟು ಮುಚ್ಚಿದರೆ ಓಟಿವರೆಗೆ ಅದನ್ನು ಮತ್ತೆ ತೆರೆಯಬಾರದು. ನಮ್ಮಲ್ಲಿ ಆಗುವುದೇನೆಂದರೆ ಪಿಜಿ (ಇನ್ನೂ ಕಲಿಯುತ್ತಿರುವ ಡಾಕ್ಟರು) ಬಂದು ಬಿಚ್ಚುತ್ತಾರೆ, ದೊಡ್ಡ ಡಾಕ್ಟರು ಬಂದು ಬಿಚ್ಚುತ್ತಾರೆ, ಊರಿಂದ ಬಂದ ಮಾವನಿಗೂ ನೋಡಬೇಕು. ಪ್ರತಿ ಸಲ ಬಿಚ್ಚಿದಾಗಲೂ ಆಸ್ಪತ್ರೆಯ ರೋಗಾಣುಗಳಿಗೆ ಬಾಗಿಲು ತೆರೆದ ಹಾಗೆ. ಫೋಟೋ ತೋರಿಸಿ, "ಇದರಲ್ಲಿ ಕಾಣುತ್ತಾ ನೋಡಿ ಸಾರ್" ಅನ್ನಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಗಾಯ ಸಣ್ಣದು ಅಂತ ಮೋಸ ಹೋಗಬೇಡಿ. ಒಂದು ಸೆಂಟಿಮೀಟರ್ ತೂತಿನಿಂದ ಕಪ್ಪು ರಕ್ತ ಒಸರುತ್ತಲೇ ಇದ್ದು, ಅದರಲ್ಲಿ ಎಣ್ಣೆಯ ಹನಿಗಳು ಹೊಳೆಯುತ್ತಿದ್ದರೆ, ಅದು ಮೂಳೆಯೊಳಗಿನ ಕೊಬ್ಬು. ಆ ತೂತು ನೇರ ಮುರಿದ ಜಾಗಕ್ಕೆ ಹೋಗಿದೆ. ಅದಕ್ಕೆ ಎರಡು ಹೊಲಿಗೆ ಹಾಕಿ ಮೇಲೆ ಪ್ಲಾಸ್ಟರ್ ಕಟ್ಟು ಹಾಕಿ ಕಳಿಸುವುದು ತಪ್ಪು. ಪುತ್ತೂರು ಕಟ್ಟು, ನಾಟಿ ಕಟ್ಟು ಅಂತ ಹೋಗುವುದು ಅದಕ್ಕಿಂತ ದೊಡ್ಡ ತಪ್ಪು. ಒಳಗೆ ಮುಚ್ಚಿಹೋದ ಕೊಳೆಯ ಮೇಲೆ ಬಿಗಿ ಕಟ್ಟು ಬಿದ್ದರೆ ಕಾಲೇ ಹೋಗಬಹುದು.

ಬೇರೆ ಊರಿಗೆ ಕಳಿಸುತ್ತಿದ್ದರೆ ಚೀಟಿಯಲ್ಲಿ ಇಷ್ಟು ಇರಲಿ ಅಂತ ಕೇಳಿ:

- ಪೆಟ್ಟಾದ ಸಮಯ, ಜಾಗ (ರಸ್ತೆಯೋ, ಗದ್ದೆಯೋ, ಚರಂಡಿಯೋ)
- ಮೊದಲ ಆಂಟಿಬಯೋಟಿಕ್ ಯಾವುದು, ಎಷ್ಟು ಗಂಟೆಗೆ
- ಧನುರ್ವಾಯು ಇಂಜೆಕ್ಷನ್ ಆಯಿತೋ ಇಲ್ಲವೋ
- ಪಾದದಲ್ಲಿ ನಾಡಿ ಸಿಕ್ಕಿತೇ, ಬೆರಳು ಆಡಿಸುತ್ತಿದ್ದಾರೆಯೇ, ಮುಟ್ಟಿದ್ದು ಗೊತ್ತಾಗುತ್ತಿದೆಯೇ

ಇಲ್ಲಿ ಕೊನೆಯ ಸಾಲೇ ಮುಖ್ಯ. ಪಾದ ಬೆಳ್ಳಗೆ, ತಣ್ಣಗೆ ಆಗಿ ನಾಡಿ ಸಿಗದಿದ್ದರೆ ದೊಡ್ಡ ರಕ್ತನಾಳವೇ ತುಂಡಾಗಿರಬಹುದು. ರಕ್ತ ಹೋಗದ ಮಾಂಸ ನಾಲ್ಕರಿಂದ ಆರು ಗಂಟೆಯಲ್ಲಿ ಸಾಯತೊಡಗುತ್ತದೆ. ಅಂಥ ರೋಗಿಯನ್ನು ರಕ್ತನಾಳ ಜೋಡಿಸುವ ತಂಡ ಇರುವ ಕಡೆಗೆ ನೇರವಾಗಿ ಕರೆದೊಯ್ಯಬೇಕು. ನಡುವೆ ಇನ್ನೆರಡು ಆಸ್ಪತ್ರೆ ಸುತ್ತುವಷ್ಟು ಸಮಯ ಇರುವುದಿಲ್ಲ.

ದುಡ್ಡಿನ ಬಗ್ಗೆ ಒಂದು ಮಾತು. ಕೇಂದ್ರ ಸರ್ಕಾರದ 2025ರ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಮೊದಲ 7 ದಿನ, 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಬಿಲ್ಲಿಂಗ್ ಕೌಂಟರಿನಲ್ಲಿ ಕೇಳದೆ ಇರಬೇಡಿ.

ಹಂತ 3: ತೊಳೆಯುವ ಆಪರೇಷನ್

ಆರು ಗಂಟೆಯೊಳಗೆ ಓಟಿಗೆ ಹೋಗಲೇಬೇಕು ಅನ್ನುವ ಹಳೆಯ ನಿಯಮ ಈಗ ಸಡಿಲವಾಗಿದೆ. ಆಂಟಿಬಯೋಟಿಕ್ ಬೇಗ ಹೋಗಿದ್ದರೆ, ರಾತ್ರಿ ಮೂರಕ್ಕೆ ಯಾರೋ ಅನುಭವ ಕಡಿಮೆ ಇರುವವರು ಅವಸರದಲ್ಲಿ ಮಾಡುವುದಕ್ಕಿಂತ, ಬೆಳಿಗ್ಗೆ ನುರಿತ ಸರ್ಜನ್ ಮಾಡುವುದು ಮೇಲು. ಬ್ರಿಟನ್ನಿನ ಮಾರ್ಗಸೂಚಿ ಪ್ರಕಾರ ಜೋರು ಪೆಟ್ಟಿನ ಗಾಯಕ್ಕೆ 12 ಗಂಟೆ, ಉಳಿದವಕ್ಕೆ 24 ಗಂಟೆ. ಗದ್ದೆ ಮಣ್ಣು, ಚರಂಡಿ ನೀರು ಸೇರಿದ್ದರೆ ಅಥವಾ ರಕ್ತನಾಳ ತುಂಡಾಗಿದ್ದರೆ ಮಾತ್ರ ಕಾಯುವ ಹಾಗಿಲ್ಲ, ತಕ್ಷಣ ಓಟಿಗೇ.

ಈ ಆಪರೇಷನ್‌ಗೆ ಡಿಬ್ರೈಡ್‌ಮೆಂಟ್ ಅನ್ನುತ್ತಾರೆ. ಸತ್ತ ಚರ್ಮ, ಮಾಂಸ, ಒಣಗಿದ ಮೂಳೆ ಚೂರು, ಮಣ್ಣು ಎಲ್ಲ ತೆಗೆಯುವುದು. ನನ್ನ ಮಟ್ಟಿಗೆ ಇಡೀ ಚಿಕಿತ್ಸೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇಲ್ಲ. ಆದರೆ ಮನೆಯವರಿಗೆ ಸಿಟ್ಟು ಬರುವುದೂ ಇಲ್ಲಿಯೇ. "ಒಳಗೆ ಹೋಗುವಾಗ ಗಾಯ ಇಷ್ಟೇ ಇತ್ತು, ಈಗ ನೋಡಿದರೆ ಮೊಳದುದ್ದ ಸೀಳಿದ್ದಾರೆ!" ಹೌದು, ಸೀಳಲೇಬೇಕು. ಮೂಳೆ ಚರ್ಮ ತೂರಿ ಹೊರಗೆ ಬಂದು ಮತ್ತೆ ಒಳಗೆ ಸೇರಿಕೊಂಡಿರುತ್ತದೆ. ಹೊರಗಿನ ತೂತು ಸಣ್ಣದು, ಒಳಗೆ ಹರಿದ ಜಾಗ ದೊಡ್ಡದು. ತೂತಿನಿಂದ ಇಣುಕಿ ತೊಳೆದರೆ ಒಳಗಿನ ಪ್ಯಾಂಟಿನ ಚೂರು ಅಲ್ಲೇ ಉಳಿಯುತ್ತದೆ.

ಮಾಂಸ ಬದುಕಿದೆಯೋ ಸತ್ತಿದೆಯೋ ಅಂತ ಹೇಗೆ ಗೊತ್ತಾಗುತ್ತದೆ? ಸರ್ಜನ್ ನಾಲ್ಕು ವಿಷಯ ನೋಡುತ್ತಾರೆ. ಬಣ್ಣ ಕೆಂಪಗಿದೆಯಾ, ಮಂಕಾಗಿದೆಯಾ. ಹಿಡಿದರೆ ಗಟ್ಟಿ ಇದೆಯಾ, ಚಿಮಟಕ್ಕೆ ಪಿಸಕ್ಕನೆ ಕಿತ್ತು ಬರುತ್ತದಾ. ಚಿವುಟಿದಾಗ ನಡುಗಿ ಸೆಳೆದುಕೊಳ್ಳುತ್ತದಾ. ಕತ್ತರಿಸಿದ ಅಂಚಿನಲ್ಲಿ ರಕ್ತ ಜಿನುಗುತ್ತದಾ. ಜಿನುಗುವ ತನಕ ಕತ್ತರಿಸುತ್ತಾ ಹೋಗುತ್ತಾರೆ. ಮೂಳೆ ಚೂರನ್ನೂ ಹಾಗೆಯೇ ಮೆಲ್ಲಗೆ ಎಳೆದು ನೋಡುತ್ತಾರೆ. ಮಾಂಸದ ನಂಟಿಲ್ಲದೆ ಸುಲಭವಾಗಿ ಬಂದುಬಿಟ್ಟರೆ ಅದಕ್ಕೆ ರಕ್ತ ಇಲ್ಲ ಅಂತ ಅರ್ಥ, ಬಹುಮಟ್ಟಿಗೆ ಅದನ್ನು ತೆಗೆದುಬಿಡುತ್ತಾರೆ.

"ಜಾಸ್ತಿ ದಿನ ಆಂಟಿಬಯೋಟಿಕ್ ಕೊಟ್ಟರೆ ಆಗಲ್ವಾ, ಕತ್ತರಿಸೋದ್ಯಾಕೆ?" ಅಂತ ಕೇಳುತ್ತಾರೆ. ಔಷಧಿ ಹೋಗುವುದು ರಕ್ತದ ಜೊತೆ. ಸತ್ತ ಮಾಂಸಕ್ಕೆ ರಕ್ತವೇ ಹೋಗುವುದಿಲ್ಲ ಅಂದಮೇಲೆ ಔಷಧಿ ಎಲ್ಲಿಂದ ಹೋದೀತು? ಅಲ್ಲಿ ರೋಗಾಣುಗಳು ಆರಾಮಾಗಿ ಬೆಳೆಯುತ್ತವೆ. ಅದಕ್ಕೇ ಚೆನ್ನಾಗಿ ತೊಳೆದು ಗಾಯ ಮುಚ್ಚಿದ ಮೇಲೆ ಆಂಟಿಬಯೋಟಿಕ್ ಅನ್ನು ಒಂದರಿಂದ ಮೂರು ದಿನದಲ್ಲಿ ನಿಲ್ಲಿಸುತ್ತಾರೆ. ಅದು ನಿರ್ಲಕ್ಷ್ಯ ಅಲ್ಲ.

ತೊಳೆಯುವುದು ಬಾಟಲಿಗಟ್ಟಲೆ ಸಾದಾ ಸಲೈನ್‌ನಿಂದ. ಗಾಯದ ದರ್ಜೆಗೆ ತಕ್ಕಂತೆ ಮೂರು, ಆರು, ಒಂಬತ್ತು ಲೀಟರ್ ಅನ್ನುವುದು ರೂಢಿ. ಜೋರು ಒತ್ತಡದಲ್ಲಿ ಹಾರಿಸಿದರೆ, ಸೋಪು ಹಾಕಿದರೆ ಇನ್ನೂ ಚೆನ್ನಾಗಿ ಹೋಗುತ್ತೇನೋ ಅಂತ ಪರೀಕ್ಷಿಸಿದ ಫ್ಲೋ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಭಾರತವೂ ಸೇರಿ ಐದು ದೇಶಗಳ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳು ಅದರಲ್ಲಿದ್ದರು. ಒತ್ತಡದಿಂದ ಲಾಭ ಕಾಣಲಿಲ್ಲ. ಸೋಪು ಬಳಸಿದವರಲ್ಲಿ ಮತ್ತೆ ಆಪರೇಷನ್ ಮಾಡಬೇಕಾದವರೇ ಜಾಸ್ತಿ.

ಮೂಳೆಯನ್ನು ಅಲ್ಲಾಡದ ಹಾಗೆ ನಿಲ್ಲಿಸುವುದೂ ಮಾಂಸದ ಚಿಕಿತ್ಸೆಯೇ. ಚೂಪು ತುದಿ ಅಲ್ಲಾಡುತ್ತಿದ್ದರೆ ಮಾಂಸ ಚೇತರಿಸಿಕೊಳ್ಳುವುದಿಲ್ಲ. ಗಾಯ ಶುದ್ಧವಿದ್ದರೆ ಒಳಗಿನ ರಾಡ್, ಇಲ್ಲದಿದ್ದರೆ ಸದ್ಯಕ್ಕೆ ಹೊರಗಡೆ ರಾಡ್, ಅಂದರೆ ಎಕ್ಸ್‌ಟರ್ನಲ್ ಫಿಕ್ಸೇಟರ್.

ಹಂತ 4: ಗಾಯ ತೆರೆದೇ ಇರುವ ದಿನಗಳು

ಬಿಗಿಯಾಗಿ ಎಳೆದು ಹೊಲಿದ ಚರ್ಮ ಸಾಯುತ್ತದೆ. ಹಾಗಾಗಿ ಚರ್ಮ ಸಾಕಾಗದಿದ್ದರೆ ಹೊಲಿಯದೆ ಬಿಡುತ್ತಾರೆ, ಅನುಮಾನ ಇದ್ದರೆ ಎರಡು ದಿನದಲ್ಲಿ ಮತ್ತೆ ಓಟಿಗೆ ಕರೆದೊಯ್ದು ನೋಡುತ್ತಾರೆ. ನಡುವೆ ಕೆಲವರಿಗೆ ವ್ಯಾಕ್ ಡ್ರೆಸಿಂಗ್ ಹಾಕುತ್ತಾರೆ. ಗಾಯದ ಮೇಲೆ ಸ್ಪಾಂಜು, ಮೇಲೆ ಪ್ಲಾಸ್ಟಿಕ್ ಹಾಳೆ, ಒಂದು ಪೈಪು, ಗಾಳಿ ಎಳೆಯುವ ಮಷೀನು. ಸಾಮಾನ್ಯವಾಗಿ 125 ಮಿ.ಮೀ. ಒತ್ತಡಕ್ಕೆ ಇಟ್ಟಿರುತ್ತಾರೆ. ಇದು ಹೊತ್ತು ತಳ್ಳುವ ಉಪಾಯ, ಗಾಯಕ್ಕೆ ಶಾಶ್ವತ ಹೊದಿಕೆ ಅಲ್ಲ. ಮಷೀನು ಕೂಗಿಕೊಂಡರೆ, ಕರೆಂಟು ಹೋಗಿ ನಿಂತರೆ, ಸ್ಪಾಂಜು ಉಬ್ಬಿದರೆ ಸಿಸ್ಟರಿಗೆ ಹೇಳಿ. ಡಬ್ಬಿಯಲ್ಲಿ ಇದ್ದಕ್ಕಿದ್ದಂತೆ ತಾಜಾ ರಕ್ತ ತುಂಬತೊಡಗಿದರೆ ಓಡಿ ಹೋಗಿ ಹೇಳಿ.

ಈ ದಿನಗಳಲ್ಲಿ ರೋಗಿಯ ಪಕ್ಕ ಕೂತವರು ಕಾಯಬೇಕಾದ ಇನ್ನೊಂದು ಅಪಾಯ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಒಳಗೆ ಊತ ಏರಿ ಮಾಂಸ ತನ್ನ ಪೊರೆಯೊಳಗೆ ತಾನೇ ಉಸಿರುಗಟ್ಟುತ್ತದೆ. ಗಾಯ ತೆರೆದಿದೆ ಅಂದಮಾತ್ರಕ್ಕೆ ಇದು ಬರುವುದಿಲ್ಲ ಅಂತ ತಿಳಿಯಬೇಡಿ, ಬರುತ್ತದೆ. ಲಕ್ಷಣ ಒಂದೇ ನೆನಪಿಡಿ: ನೋವಿನ ಇಂಜೆಕ್ಷನ್ ಕೊಟ್ಟರೂ ಏರುತ್ತಲೇ ಹೋಗುವ ನೋವು, ಕಾಲ್ಬೆರಳನ್ನು ಮೆಲ್ಲಗೆ ಮೇಲಕ್ಕೆ ಎತ್ತಿದರೂ ಚೀರುವಂಥ ನೋವು. "ಮೂಳೆ ಮುರಿದಿದೆ, ನೋವಿರುತ್ತೆ ಬಿಡಿ" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಕಟ್ಟು ಸಡಿಲಿಸಿ ನೋಡಲು ಹೇಳಿ. ಬೆರಳು ತಣ್ಣಗಾಗಿ ನಾಡಿ ಹೋಗುವ ತನಕ ಕಾದರೆ ತಡವಾಗಿರುತ್ತದೆ.

ಹಂತ 5: ಗಾಯಕ್ಕೆ ಹೊದಿಕೆ

ತೊಡೆಯ ತೆಳು ಚರ್ಮ ತೆಗೆದು ಹಾಕಿದರೆ ಮುಗೀತಲ್ವಾ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಸ್ಕಿನ್ ಗ್ರಾಫ್ಟ್. ಭತ್ತದ ಸಸಿ ಕೆಸರಿನಲ್ಲಿ ಬೇರು ಬಿಡುತ್ತದೆ, ಬಂಡೆಯ ಮೇಲೆ ನೆಟ್ಟರೆ ಒಣಗುತ್ತದೆ. ಗ್ರಾಫ್ಟ್ ಕೂಡ ರಕ್ತ ಇರುವ ಮಾಂಸದ ಮೇಲೆ ಮಾತ್ರ ಹಿಡಿಯುತ್ತದೆ. ಪೊರೆ ಕಿತ್ತುಹೋದ ಬರೀ ಮೂಳೆ, ಬರೀ ಸ್ನಾಯುರಜ್ಜು, ಲೋಹದ ಪ್ಲೇಟು ಕಾಣುತ್ತಿದ್ದರೆ ಫ್ಲ್ಯಾಪ್ ಬೇಕು. ಅಂದರೆ ತನ್ನದೇ ರಕ್ತನಾಳ ಇಟ್ಟುಕೊಂಡು ಬರುವ ಮಾಂಸ ಅಥವಾ ದಪ್ಪ ಚರ್ಮ.

ಕಾಲಿನಲ್ಲಿ ಗಾಯ ಎಲ್ಲಿದೆ ಅನ್ನುವುದರ ಮೇಲೆ ದಾರಿ ಬದಲಾಗುತ್ತದೆ. ಮೊಣಕಾಲಿನ ಹತ್ತಿರವಾದರೆ ಮೀನಖಂಡದ ಮೇಲುಪದರದ ಒಂದು ಭಾಗವನ್ನು ತಿರುಗಿಸಿ ಮುಂದಕ್ಕೆ ತರುತ್ತಾರೆ. ನಡುಭಾಗಕ್ಕೆ ಅದರ ಒಳಗಿನ ಸೋಲಿಯಸ್ ಸ್ನಾಯು. ಪಾದದ ಗಂಟಿನ ಕಡೆಗೆ ಹೋದಂತೆ ಸುತ್ತ ಎರವಲು ತರಲು ಮಾಂಸವೇ ಇಲ್ಲ. ಅಲ್ಲಿ ತೊಡೆಯಿಂದಲೋ ಬೆನ್ನಿನಿಂದಲೋ ಮಾಂಸ ತಂದು ಸೂಕ್ಷ್ಮದರ್ಶಕದಡಿ ರಕ್ತನಾಳ ಜೋಡಿಸುವ ಫ್ರೀ ಫ್ಲ್ಯಾಪ್ ಬೇಕಾಗಬಹುದು. ಹಾಗಾಗಿ ಕಾಲಿನ ಕೆಳಭಾಗದ ದೊಡ್ಡ ಗಾಯ ಇದ್ದರೆ ಮೊದಲ ದಿನವೇ ಕೇಳಿ: ಇಲ್ಲಿ ಪ್ಲಾಸ್ಟಿಕ್ ಸರ್ಜನ್ ಇದ್ದಾರಾ? ಇಲ್ಲದಿದ್ದರೆ ಯಾವಾಗ, ಎಲ್ಲಿಗೆ ಕಳಿಸುತ್ತೀರಿ?

ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಸ್ಲೊವೇನಿಯಾದ ಲುಬ್ಲಿಯಾನಾದಲ್ಲಿದ್ದ ಸರ್ಜನ್ ಮಾರ್ಕೊ ಗೊಡಿನಾ 1986ರಲ್ಲಿ ಲೆಕ್ಕ ಕೊಟ್ಟರು. ಅವರು ಬರೆದದ್ದು 532 ರೋಗಿಗಳ ಬಗ್ಗೆ. 72 ಗಂಟೆಯೊಳಗೆ ಹೊದಿಕೆ ಹಾಕಿದವರಲ್ಲಿ ಫ್ಲ್ಯಾಪ್ ಕೆಟ್ಟದ್ದು ಶೇ. 1ಕ್ಕಿಂತ ಕಡಿಮೆ. ಅದು ದಾಟಿ ಮೂರು ತಿಂಗಳೊಳಗೆ ಮಾಡಿದವರಲ್ಲಿ ಶೇ. 12. ಸೋಂಕಿನ ಲೆಕ್ಕವೂ ಹಾಗೆಯೇ, ಶೇ. 1.5ರಿಂದ 17.5ಕ್ಕೆ. ನಮ್ಮಲ್ಲಿ 72 ಗಂಟೆ ಎಲ್ಲರಿಗೂ ಸಿಗುವುದಿಲ್ಲ. ಒಂದು ವಾರದೊಳಗಾದರೂ ಆಗಲಿ ಅಂತ ಬೆನ್ನು ಹತ್ತಿ. "ಡ್ರೆಸಿಂಗ್ ಮಾಡ್ತಾ ಇರಿ, ತಾನೇ ತುಂಬುತ್ತೆ" ಅಂತ ತಿಂಗಳು ದೂಡಿದ ಮೂಳೆ ಒಣಗಿ ಹಳದಿಯಾಗುತ್ತದೆ. ಆಮೇಲೆ ಆ ಮೂಳೆಯನ್ನೇ ಕತ್ತರಿಸಿ ತೆಗೆಯಬೇಕು.

ಕಾಲು ಉಳಿಸುವುದೋ ತೆಗೆಯುವುದೋ ಅನ್ನುವ ಪ್ರಶ್ನೆ ಬಂದಾಗ ನಮ್ಮ ಪಕ್ಕದ ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಅಂಕಪಟ್ಟಿ ಹಲವು ಕಡೆ ಬಳಕೆಯಲ್ಲಿದೆ. ಡಾ. ರಾಜಶೇಖರನ್, ಡಾ. ರಾಜಾ ಸಬಾಪತಿ ಮತ್ತು ತಂಡ 2006ರಲ್ಲಿ ಪ್ರಕಟಿಸಿದ್ದು. ಚರ್ಮಕ್ಕೆ, ಮೂಳೆಗೆ, ಸ್ನಾಯು-ನರಗಳಿಗೆ ತಲಾ ಐದರವರೆಗೆ ಅಂಕ. ಸಕ್ಕರೆ ಕಾಯಿಲೆ, ವಯಸ್ಸು, ಕೊಳಕು ಮಣ್ಣು ಇಂಥವಕ್ಕೆ ಎರಡೆರಡು. ಒಟ್ಟು 14 ಅಥವಾ ಕಡಿಮೆ ಇದ್ದರೆ ಉಳಿಸಲು ನೋಡುತ್ತಾರೆ. 17 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತೆಗೆಯುವುದೇ ಒಳಿತಾಗಬಹುದು. ನಡುವಿನ 15-16ಕ್ಕೆ ಸರ್ಜನ್‌ನ ಅನುಭವ, ರೋಗಿಯ ಇಷ್ಟ, ಮನೆಯ ಸ್ಥಿತಿ ಎಲ್ಲ ಲೆಕ್ಕಕ್ಕೆ ಬರುತ್ತದೆ.

ಫ್ಲ್ಯಾಪ್ ಆದ ಮೊದಲ ಎರಡು ಮೂರು ದಿನ ಬಣ್ಣ ನೋಡುತ್ತಿರಿ. ಬಿಳಿಚಿಕೊಂಡು ತಣ್ಣಗಾದರೆ ರಕ್ತ ಒಳಗೆ ಬರುತ್ತಿಲ್ಲ. ನೀಲಿಯಾಗಿ ಉಬ್ಬಿದರೆ ಬಂದ ರಕ್ತ ವಾಪಸ್ ಹೋಗುತ್ತಿಲ್ಲ. ಎರಡಕ್ಕೂ ಬೆಳಗಿನ ರೌಂಡ್ಸ್ ತನಕ ಕಾಯಬೇಡಿ, ರಾತ್ರಿಯೇ ಎಬ್ಬಿಸಿ. ಕಾಲು ದಿಂಬಿನ ಮೇಲೆ ಎತ್ತರದಲ್ಲಿರಲಿ, ಫ್ಲ್ಯಾಪ್ ಮೇಲೆ ಭಾರ ಬೀಳದಿರಲಿ. ಬೀಡಿ, ಸಿಗರೇಟು ಪೂರ್ತಿ ಬಂದ್. ರಕ್ತನಾಳ ಬಿಗಿದುಕೊಂಡರೆ ಅಷ್ಟು ಕಷ್ಟಪಟ್ಟು ಜೋಡಿಸಿದ್ದೆಲ್ಲ ಹಾಳು.

ಚರ್ಮ ತೆಗೆದ ತೊಡೆ, ಗಾಯಕ್ಕಿಂತ ಜಾಸ್ತಿ ಉರಿಯುತ್ತದೆ. ಅಲ್ಲಿನ ಡ್ರೆಸಿಂಗ್ ಎರಡು ವಾರ ಇರಲಿ, ಎಳೆಯಬೇಡಿ. ವಾಸಿಯಾದ ಮೇಲೆ ತಾನೇ ಬಿಡುತ್ತದೆ.

ಹಂತ 6: ಮನೆಗೆ ಬಂದ ಮೇಲೆ

ಮೊದಲ ಜಗಳ ಅಡುಗೆಮನೆಯಲ್ಲಿ. "ಮೊಟ್ಟೆ ನಂಜು, ಮೀನು ನಂಜು, ಬದನೆಕಾಯಿ ನಂಜು" ಅಂತ ಅಜ್ಜಿ ಬರೀ ಗಂಜಿ, ತಿಳಿಸಾರು ಕೊಡುತ್ತಾರೆ. ಗಾಯ ಮಾಯಲು ಬೇಕಾದದ್ದೇ ಪ್ರೋಟೀನು. ಮೊಟ್ಟೆ, ಮೀನು, ಮಾಂಸ ತಿನ್ನುವವರು ತಿನ್ನಲಿ. ತಿನ್ನದವರಿಗೆ ಬೇಳೆ, ಕಾಳು, ಹಾಲು, ಮೊಸರು, ಶೇಂಗಾ ದಿನಾ ಇರಲಿ. ಸಕ್ಕರೆ ಕಾಯಿಲೆ ಇದ್ದರೆ ಅದು ಹತೋಟಿಯಲ್ಲಿರಲೇಬೇಕು.

ಹೊರಗಡೆ ರಾಡ್ ಇದ್ದರೆ ಪಿನ್ನಿನ ಬುಡವನ್ನು ಆಸ್ಪತ್ರೆಯವರು ಹೇಳಿಕೊಟ್ಟ ಹಾಗೆ, ಕೈ ತೊಳೆದು, ಸಲೈನ್ ಅಥವಾ ಕುದಿಸಿ ಆರಿಸಿದ ನೀರಿನಿಂದ ಒರೆಸಿ. ಒಂದು ಪಿನ್ನಿಗೆ ಬಳಸಿದ ಹತ್ತಿ ಇನ್ನೊಂದಕ್ಕೆ ಬೇಡ. ಗ್ರಾಫ್ಟ್ ಪೂರ್ತಿ ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಮೆಲ್ಲಗೆ ಹಚ್ಚಬಹುದು. ಅಲ್ಲಿ ಬೆವರು, ಎಣ್ಣೆ ಗ್ರಂಥಿಗಳಿಲ್ಲದೆ ಚರ್ಮ ಬಿರುಕು ಬಿಡುತ್ತದೆ. ತಿಕ್ಕಿ ಮಾಲೀಶು ಮಾತ್ರ ಬೇಡ. ಪಾದ ಕೆಳಗೆ ಜೋತುಬೀಳದಂತೆ ನೇರ ಕೋನದಲ್ಲಿ ನಿಲ್ಲಿಸಿ, ಬೆರಳುಗಳನ್ನು ಗಂಟೆಗೊಮ್ಮೆ ಆಡಿಸಲಿ. ಕಾಲು ಇಳಿಬಿಡುವುದು, ಭಾರ ಹಾಕುವುದು ಯಾವಾಗ ಅಂತ ಸರ್ಜನ್ ಹೇಳಬೇಕು, ಪಕ್ಕದ ಮನೆಯವರಲ್ಲ.

ಜ್ವರ, ಕೆಟ್ಟ ವಾಸನೆ, ಹರಡುವ ಕೆಂಪು, ಕಡಿಮೆಯಾಗಿದ್ದ ನೋವು ಮತ್ತೆ ಏರುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ತಿಂಗಳುಗಳಾದ ಮೇಲೆ ಹಳೆಯ ಗಾಯದಲ್ಲಿ ಸಣ್ಣ ತೂತು ಬಿದ್ದು ಎರಡು ಹನಿ ಕೀವು ಬಂದು ಮುಚ್ಚಿಕೊಂಡರೂ ಉಪೇಕ್ಷೆ ಬೇಡ. ಅದು ಮೂಳೆಯ ಸೋಂಕಿನ ಬಾಯಿ ಆಗಿರಬಹುದು. ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ನುಂಗಬೇಡಿ. ನುಂಗಿದರೆ ತೂತು ಮುಚ್ಚುತ್ತದೆ, ಸೋಂಕು ಒಳಗೇ ಇರುತ್ತದೆ, ಆಮೇಲೆ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣುವೂ ಸಿಗುವುದಿಲ್ಲ. ಹಳೆಯ ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ, ಮೊದಲ ದಿನದ ಆ ಫೋಟೋ ಹಿಡಿದುಕೊಂಡು ಆಪರೇಷನ್ ಮಾಡಿದವರ ಹತ್ತಿರವೇ ಹೋಗಿ ತೋರಿಸಿ.